ಅಂಗಳದ ಯವನ ಸುಂದರಿ

ಆ ಶುಕ್ರವಾರದ ಅನಾಹುತಕ್ಕೆಲ್ಲ ಮೂಲ ಒಂದು ಹಳೆಯ ನೂಲಿನ ಸೀರೆ. ವಿಶಾಲಾಕ್ಷಿ ಬೆಳಗ್ಗೆ ಅದನ್ನು ತಂದು ಗಂಡ ಉಮಾಪತಿಯ ತೊಡೆಯ ಮೇಲೆ ಹಾಕಿ, "ರೀ, ಹೊರಗೆ ನಿಂತಿದಾಳಲ್ಲ, ಅವಳಿಗೆ ಇದನ್ನ ಉಡಿಸ್ಬಿಟ್ಟು ಬನ್ನಿ" ಎಂದಳು.

ಹೊರಗೆ ನಿಂತಿದ್ದವಳು ಸಿಮೆಂಟಿನ ಹೆಂಗಸು. ಅಡಿಲೇಡಿನ ಸ್ಯಾಲಿಸ್‌ಬರಿ ಬಡಾವಣೆಯ ಆ ಬಾಡಿಗೆ ಮನೆಯ ಅಂಗಳದಲ್ಲಿ, ನಿಂಬೆಗಿಡದ ಪಕ್ಕ, ಆಳೆತ್ತರದ ಗ್ರೀಕ್ ಸುಂದರಿಯೊಬ್ಬಳು ನಲವತ್ತು ವರ್ಷದಿಂದ ನಿಂತಿದ್ದಳು. ಸೊಂಟದ ಕೆಳಗೆ ನೆರಿಗೆ ನೆರಿಗೆಯಾದ ವಸ್ತ್ರ. ಸೊಂಟದ ಮೇಲೆ ಏನೂ ಇಲ್ಲ, ಕೈಗಳೂ ಇಲ್ಲ. ಮನೆಯೊಡತಿ ಸ್ತವ್ರೂಲಾ ಅಜ್ಜಿಯ ಗಂಡ ಮನೋಲಿಸ್, ಗ್ರೀಸಿನ ಯಾವುದೋ ದ್ವೀಪದಿಂದ ಬಂದು ಅಡಿಲೇಡಿನಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದವರು, ತಮ್ಮ ಕೈಯಾರೆ ಮಾಡಿದ್ದು. ಅವರು ತೀರಿಕೊಂಡ ಮೇಲೆ ಅಜ್ಜಿ ಮಗಳ ಮನೆ ಸೇರಿ ಈ ಮನೆಯನ್ನು ಬಾಡಿಗೆಗೆ ಬಿಟ್ಟಿದ್ದರು. ಬೀಗದ ಕೈ ಕೊಡುವಾಗ ವಿಗ್ರಹದ ಕಡೆ ಬೆರಳು ತೋರಿಸಿ, "ಅದು ನನ್ನ ಗಂಡನ ಕೈಕೆಲಸ" ಎಂದಷ್ಟೇ ಹೇಳಿದ್ದರು.

ಅಂದು ಸಂಜೆ ವರಮಹಾಲಕ್ಷ್ಮಿ ಪೂಜೆಗೆ ಹದಿನೈದು ಜನ ಮುತ್ತೈದೆಯರು ಬರುವವರಿದ್ದರು. ಅರಿಶಿನ ಕುಂಕುಮಕ್ಕೆ ಬಂದವರನ್ನು ಅಂಗಳದಲ್ಲೇ ಇಂಥವಳು ಸ್ವಾಗತಿಸುವುದು ವಿಶಾಲಾಕ್ಷಿಗೆ ಒಪ್ಪಿಗೆಯಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅಜ್ಜಿ ಮನೆ ನೋಡಲು ಬರುವವರಿದ್ದರು ಎಂಬುದು ಉಮಾಪತಿಯ ಚಿಂತೆ. ಬಾಡಿಗೆಯ ಕರಾರು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅವನು ಕೆಲಸ ಮಾಡುತ್ತಿದ್ದ ಕಾರಿನ ಬಿಡಿಭಾಗಗಳ ಕಾರ್ಖಾನೆ ಬಾಗಿಲು ಹಾಕಿ ಐದು ತಿಂಗಳಾಗಿತ್ತು. ಈಗಲೂ ಪ್ರತಿದಿನ ಏಳಕ್ಕೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎಲ್ಲಿಗೂ ಹೋಗುವುದಿಲ್ಲದೆ ಸೋಫಾದ ಮೇಲೆ ಕೂರುತ್ತಿದ್ದ. ಪೇಸ್ಲಿಪ್ ಇಲ್ಲದವನಿಗೆ ಬೇರೆ ಯಾರು ಮನೆ ಕೊಟ್ಟಾರು? ಅಜ್ಜಿ ಇನ್ನೊಂದು ವರ್ಷಕ್ಕೆ ಸಹಿ ಹಾಕಿದರೆ ತಲೆಯ ಮೇಲೆ ಸೂರು, ಇಲ್ಲವೆಂದರೆ ಬೀದಿ.

ಅಲ್ಲಿ ಆಗಸ್ಟ್ ಎಂದರೆ ಚಳಿಗಾಲ. ಆಕಾಶ ತೊಳೆಯದ ಬಾಣಲೆಯ ತಳದಂತಿತ್ತು. ಉಮಾಪತಿ ಮುಖ ಆ ಕಡೆ ತಿರುಗಿಸಿಕೊಂಡೇ ಸುಂದರಿಗೆ ಸೀರೆ ಸುತ್ತಿದ. ಸೆರಗು ಜಾರಿತು. ಮತ್ತೆ ಹೊದಿಸಿದ. ಮತ್ತೆ ಜಾರಿತು.

"ಕೈ ಇಲ್ದೋರ ಮೇಲೆ ಸೆರಗು ಹೆಂಗೆ ನಿಲ್ಲುತ್ತೆ, ಉಮಾಪತಿಯವರೇ?" ಬೇಲಿಯಾಚೆಯಿಂದ ಪಂಚಾಕ್ಷರಿಯ ತಲೆ ಮೇಲೆದ್ದಿತು. ಪಕ್ಕದ ಮನೆಯ ಈ ಮನುಷ್ಯ ರಕ್ಷಣಾ ಇಲಾಖೆಗೆ ಏನನ್ನೋ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಹಬ್ಬಕ್ಕೆಂದು ರಜ ಹಾಕಿದ್ದರು, ಮನೆಯಲ್ಲಿ ಹೆಂಡತಿ ಯಾವ ಕೆಲಸವನ್ನೂ ಮುಟ್ಟಗೊಟ್ಟಿರಲಿಲ್ಲ. "ಸೆರಗನ್ನ ಎಳೆದು ಬೇಲಿ ಕಂಬಕ್ಕೆ ಕಟ್ಬಿಡಿ. ಟೆನ್ಷನ್ನಲ್ಲಿ ನಿಲ್ಲುತ್ತೆ. ಸಿಂಪಲ್ ಮೆಕ್ಯಾನಿಕ್ಸು."

ಹೇಳುತ್ತಲೇ ಬೇಲಿ ದಾಟಿ ಬಂದರು, ಜೊತೆಗೆ ಅವರ ತಂಗಿಯ ಮಗಳು ಭಾವನಾ. ಬೆಡ್‌ಫರ್ಡ್ ಪಾರ್ಕಿನ ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಓದುತ್ತಿದ್ದ ಹುಡುಗಿ.

"ಅಂಕಲ್, ಆ ನೆರಿಗೆ ನೋಡಿ, ಎಷ್ಟ್ ಚೆನ್ನಾಗಿದೆ! ಗಾಂಧಾರದ ಬುದ್ಧನ ಮೈಮೇಲೆ ಇರೋ ನೆರಿಗೇನೂ ಇದೇ ಸ್ಟೈಲು. ಗ್ರೀಕ್ ಶಿಲ್ಪಿಗಳಿಂದ ಬಂದಿದ್ದು. ಈ ಕಲೆ ನಮ್ಮ ಕಡೆಗೂ ನಡ್ಕೊಂಡು ಬಂದಿದೆ."

"ನಡ್ಕೊಂಡು ಬರೋವಾಗ ಒಂದು ರವಿಕೆ ಹಾಕ್ಕೊಂಡು ಬರ್ಬಾರ್ದಿತ್ತಾ?" ಎಂದಳು ವಿಶಾಲಾಕ್ಷಿ, ಬಾಗಿಲಿಗೆ ತೋರಣ ಕಟ್ಟುತ್ತಾ.

ಸೆರಗು ಕಂಬಕ್ಕೆ ಬಿಗಿಯಿತು. ಹತ್ತು ನಿಮಿಷಕ್ಕೆ ಗಾಳಿ ಎದ್ದಿತು. ಆರು ಗಜದ ಸೀರೆ ಹಾಯಿಯಂತೆ ಉಬ್ಬಿ, ನಲವತ್ತು ವರ್ಷ ನೆಟ್ಟಗೆ ನಿಂತಿದ್ದವಳನ್ನು ಬುಡಸಮೇತ ವಾಲಿಸಿ, ಮುಖವನ್ನು ಕಂಬಕ್ಕೆ ಬಡಿಯಿತು. ಉಮಾಪತಿ ಓಡಿ ಬಂದಾಗ ಮೂಗು ನಿಂಬೆಗಿಡದ ಬುಡದಲ್ಲಿತ್ತು.

ಅವನಿಗೆ ತನ್ನದೇ ಮೂಗು ಉದುರಿದಂತಾಯಿತು. "ಮುಗೀತು ಪಂಚಾಕ್ಷರಿಯವರೇ. ಮೂರು ಗಂಟೆಗೆ ಅಜ್ಜಿ ಬರ್ತಾರೆ."

"ಅದಕ್ಯಾಕೆ ಹೆದರ್ತೀರ? ನನ್ನ ಹತ್ರ ಕಾರಿಗೆ ಹಚ್ಚೋ ಪುಟ್ಟಿ ಇದೆ."

ಉದುರಿದ ಮೂಗು ಮುಟ್ಟಿದರೆ ಪುಡಿಯಾಯಿತು. ಪಂಚಾಕ್ಷರಿ ಪುಟ್ಟಿಯಲ್ಲಿ ಹೊಸದು ಮಾಡಿದರು. ಅದು ಗುಂಡು ಬದನೆಕಾಯಿಯಾಯಿತು.

"ಮಾವ, ಗ್ರೀಕ್ ಮೂಗು ಹಣೆಯಿಂದ ನೇರ ಇಳಿಬೇಕು" ಎಂದು ಭಾವನಾ ತಿದ್ದಿದಳು. ಎರಡನೆಯ ಮೂಗು ಹಣೆಯಿಂದ ಇಳಿದದ್ದು ಗಲ್ಲದವರೆಗೂ ನಿಲ್ಲಲಿಲ್ಲ. ಮೂರನೆಯದರೊಂದಿಗೆ ಪುಟ್ಟಿ ಮುಗಿಯಿತು. ಆ ಮೂಗಿನಲ್ಲಿ ಸುಂದರಿ ಉಮಾಪತಿಯ ಹೈಸ್ಕೂಲಿನ ಗಣಿತದ ಮೇಷ್ಟ್ರಂತೆ ಅವನನ್ನೇ ದುರುಗುಟ್ಟಿ ನೋಡಿದಳು. ಸಾಲದ್ದಕ್ಕೆ ಪುಟ್ಟಿಯ ಬಣ್ಣ ಗುಲಾಬಿ.

"ಬಣ್ಣ ಹೊಡೆದ್ರೆ ಗೊತ್ತಾಗಲ್ಲ" ಎಂದರು ಪಂಚಾಕ್ಷರಿ.

"ಒರಿಜಿನಲ್ ಗ್ರೀಕ್ ಶಿಲ್ಪಗಳಿಗೂ ಬಣ್ಣ ಇತ್ತು ಅಂಕಲ್. ಕೆಂಪು, ನೀಲಿ, ಎಲ್ಲಾ" ಎಂದು ಭಾವನಾ ಧೈರ್ಯ ತುಂಬಿದಳು.

ಮನೆಯಲ್ಲಿದ್ದದ್ದು ಬರೀ ಬಿಳಿ ಬಣ್ಣ. ಮೂಗಿಗೆ ಹಚ್ಚಿದರೆ ಮುಖ ಕಪ್ಪಾಗಿ ಕಂಡಿತು, ಮುಖಕ್ಕೆ ಹಚ್ಚಿದರೆ ಮೈ ಪಾಚಿಗಟ್ಟಿದಂತೆ ಕಂಡಿತು. ಸೀರೆ ಬಿಚ್ಚಿ ಇಡೀ ಮೈಗೆ ಬಳಿದು ಮುಗಿಸುವಷ್ಟರಲ್ಲಿ ಮಳೆ ಹನಿಯಿತು. ಬಿಳಿ ನೀರು ಅವಳ ಕಣ್ಣಿನಿಂದ ಇಳಿದು ಎದೆ, ನೆರಿಗೆ ದಾಟಿ ಉಮಾಪತಿಯ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ತನಗಾಗಿ ಕಣ್ಣೀರಿಟ್ಟ ಜೀವ ಈ ಐದು ತಿಂಗಳಲ್ಲಿ ಇದೊಂದೇ ಎಂದು ಅವನಿಗೆ ಒಂದು ಕ್ಷಣ ಅನಿಸಿತು.

ಎರಡೂಮುಕ್ಕಾಲು. "ಕೊನೇಪಕ್ಷ ನೆಟ್ಟಗಾದ್ರೂ ನಿಲ್ಲಿಸೋಣ" ಎಂದು ಪಂಚಾಕ್ಷರಿ ಹಾರೆ ತಂದರು. "ನಾನು ಮೀಟ್ತೀನಿ. ನೀವು ತಬ್ಕೊಂಡು ಹಿಡ್ಕೊಳ್ಳಿ."

ಉಮಾಪತಿ ಸುಂದರಿಯನ್ನು ತಬ್ಬಿ ನಿಂತ. ಅಡುಗೆಮನೆಯ ಕಿಟಕಿಯಿಂದ ವಿಶಾಲಾಕ್ಷಿ ನೋಡುತ್ತಿದ್ದಳು. ಪಂಚಾಕ್ಷರಿ "ಒಂದು, ಎರಡು" ಎಂದು ಮೀಟಿದರು. ಮೂರು ಎನ್ನಬೇಕಾಗಲಿಲ್ಲ. ಒದ್ದೆ ಬಣ್ಣದ ಮೈ ಅವನ ತೋಳಿನಿಂದ ಸೋಪಿನಂತೆ ಜಾರಿ, ಹಿಂದಕ್ಕೆ ಮಲಗಿ, ಇಟ್ಟಿಗೆಯ ಅಂಚಿಗೆ ಬಿದ್ದು ತಲೆ ಒಂದು ಕಡೆ, ಎದೆ ಒಂದು ಕಡೆ, ನೆರಿಗೆ ಒಂದು ಕಡೆ ಆಯಿತು.

ಗೇಟಿನ ಮುಂದೆ ಕಾರು ನಿಂತಿತು.

ಪಂಚಾಕ್ಷರಿ ಹಾರೆಯನ್ನು ಉಮಾಪತಿಯ ಕೈಗೆ ಕೊಟ್ಟು, "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಬೇಲಿ ಹಾರಿದರು. ಭಾವನಾ ಅವರ ಹಿಂದೆಯೇ ಹೋದಳು.

ಕಪ್ಪು ಉಡುಪಿನ ಅಜ್ಜಿ ಕೋಲೂರಿಕೊಂಡು ಬಂದು ಮೂರು ತುಂಡುಗಳ ಮುಂದೆ ನಿಂತರು. ಎದುರಿಗೆ ಮೈತುಂಬ ಬಿಳಿ ಬಣ್ಣ, ಕೈಯಲ್ಲಿ ಹಾರೆ ಹಿಡಿದ ಬಾಡಿಗೆದಾರ. ಸುಳ್ಳು ಹೇಳಲು ಏನೂ ಉಳಿದಿರಲಿಲ್ಲ.

"ತಪ್ಪಾಯ್ತು ಅಜ್ಜಿ" ಎಂದು ಅವನು ತನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಪ್ಪಿಸಿದ. ಸೀರೆ, ಗಾಳಿ, ಮೂಗು, ಬಣ್ಣ. "ನಿಮ್ಮ ಯಜಮಾನರ ನೆನಪನ್ನ ಒಡೆದುಬಿಟ್ಟೆ."

ಅಜ್ಜಿ ಕೋಲಿನ ತುದಿಯಿಂದ ತಲೆಯನ್ನು ಮೆಲ್ಲಗೆ ಹೊರಳಿಸಿ ನೋಡಿದರು. ಆಮೇಲೆ ಅವನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟರು.

"ಇವಳು ಯಾರು ಗೊತ್ತಾ, ಉಮಾ? ಎಲ್ಲರೂ ದೇವತೆ ಅಂದ್ಕೊಂಡ್ರು. ಮೈ ಮಾತ್ರ ದೇವತೇದು. ಮುಖ ನಮ್ಮೂರಿನ ಬೇಕರಿಯವನ ಮಗಳು ಕಟೀನಾದು! ಮನೋಲಿಸ್ ನನ್ನ ಮದುವೆಯಾಗಿ, ಕಡಲು ದಾಟಿ ಬಂದು, ಅವಳನ್ನ ನನ್ನ ಅಡುಗೆಮನೆ ಕಿಟಕಿ ಎದುರು ನಿಲ್ಲಿಸಿದ. ಇಲ್ಲಿದ್ದಷ್ಟೂ ವರ್ಷ ಅವಳ ಮುಖ ನೋಡ್ಕೊಂಡು ಪಾತ್ರೆ ತೊಳೆದೆ."

"ಮತ್ತೆ... ನೀವೇ ತೆಗೆಸಬಹುದಿತ್ತಲ್ಲ?"

"ಸತ್ತ ಗಂಡನ ಕೈಕೆಲಸ ಒಡೆಯೋಕಾಗುತ್ತಾ? ಪಾಪ. ಅದಕ್ಕೇ ಮನೆ ಬಿಟ್ಟು ಹೋದೆ. ನೀನು ಒಡೆದದ್ದು ದೇವರ ಇಚ್ಛೆ."

ಉಮಾಪತಿಗೆ ಐದು ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಹೊಟ್ಟೆಯ ತಳದವರೆಗೆ ಇಳಿಯಿತು. ಅಜ್ಜಿ ಕೈಚೀಲದಿಂದ ಮಡಿಸಿದ ಕಾಗದ ತೆಗೆದರು. ಹೊಸ ಕರಾರು, ಕೆಳಗೆ ಅವರ ಸಹಿ ಆಗಲೇ ಬಿದ್ದಿತ್ತು. ಅವನು ಕೈ ಒರೆಸಿಕೊಂಡು ಮುಂದೆ ಚಾಚಿದ.

ಅಜ್ಜಿ ಕಾಗದವನ್ನು ಎರಡು ತುಂಡು ಮಾಡಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

"ಇನ್ನು ಇದು ಯಾಕೆ ಬೇಕು? ಅವಳೇ ಹೋದಳಲ್ಲ! ಮಗಳ ಮನೆ ನನಗೆ ಸಾಕಾಗಿದೆ. ನಾನು ನನ್ನ ಮನೆಗೆ ವಾಪಸ್ ಬರ್ತೀನಿ. ಅವಸರ ಇಲ್ಲ ಉಮಾ, ಸೆಪ್ಟೆಂಬರ್ ಮುಗಿಯೋವರೆಗೂ ನೀವಿರಬಹುದು."

ಇನ್ನೊಮ್ಮೆ ಮುತ್ತಿಟ್ಟು, ಒಳಗೆ ಹೋಗಿ ಅಡುಗೆಮನೆಯ ಕಿಟಕಿಯಿಂದ ಹೊರಗೆ ಒಂದು ಸಲ ನೋಡಿ, ಕೋಸಂಬರಿ ತಿಂದು, ಕುಂಕುಮ ಹಚ್ಚಿಸಿಕೊಂಡು, ಹೊಸ ಮದುವಣಗಿತ್ತಿಯಂತೆ ನಗುತ್ತಾ ಹೊರಟುಹೋದರು.

ಉಮಾಪತಿ ಮಳೆಯಲ್ಲೇ ನೆರಿಗೆಯ ತುಂಡಿನ ಮೇಲೆ ಕೂತ. ಬೇಲಿಯ ಮೇಲೆ ಪಂಚಾಕ್ಷರಿಯ ತಲೆ ಮತ್ತೆ ಎದ್ದಿತು.

"ಬೈದ್ರಾ?"

"ಇಲ್ಲ. ಮುತ್ತು ಕೊಟ್ರು. ಮನೆ ಖಾಲಿ ಮಾಡಿ ಅಂದ್ರು."

ಪಂಚಾಕ್ಷರಿ ಬೇಲಿಗೆ ಮೊಣಕೈ ಊರಿದರು. "ಚಿಂತೆ ಮಾಡ್ಬೇಡಿ. ಹಿಂದಿನ ಬೀದೀಲಿ ಒಂದು ಮನೆ ಖಾಲಿ ಇದೆ. ಅದೂ ಗ್ರೀಕರದ್ದೇ. ಗೇಟಲ್ಲಿ ಎರಡು ಸಿಮೆಂಟಿನ ಸಿಂಹ ಇವೆ. ಒಂದರ ಬಾಲ ಮಾತ್ರ ಸ್ವಲ್ಪ ಅಲ್ಲಾಡ್ತಿದೆ" ಎಂದವರು ಬೇಲಿಯಾಚೆಯಿಂದ ಕೈ ನೀಡಿದರು. "ಎಲ್ಲಿ, ಆ ಹಾರೆ ಇತ್ಲಾಗೆ ಕೊಡಿ."