ಮಾವನ ಜಾಕಿ, ಅಕ್ಕನ ಸೋಮವಾರ

ಕಟಕ್… ಉಸ್. ಕಟಕ್… ಉಸ್. ಸಿರುಗುಪ್ಪದ ಅಕ್ಕನ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಕೋಳಿಯಿಂದಲ್ಲ, ಈ ಸದ್ದಿನಿಂದ. ‘ಕಟಕ್’ ಅನ್ನುವುದು ಜಾಕಿಯ ಹ್ಯಾಂಡಲ್ಲು, ‘ಉಸ್’ ಅನ್ನುವುದು ಅದನ್ನು ಒತ್ತುವ ನಮ್ಮ ಮಾವ. ಮಾವ ಅಂದರೆ ಅಕ್ಕನ ಗಂಡ. ಲೋಕದಲ್ಲಿ ಯಾವ ವಸ್ತುವೂ ದೇವರು ಇಟ್ಟ ಎತ್ತರದಲ್ಲೇ ಇರಲಿ ಎಂದು ಒಂದು ದಿನವೂ ಒಪ್ಪದ ಮನುಷ್ಯ!

ಮನೆಯ ಮುಂದೆಯೇ ಅವರ ಗ್ಯಾರೇಜು. ಅಲ್ಲೊಂದು ಟ್ರಾಲಿ ಜಾಕಿ. ನಾಲ್ಕು ಚಕ್ರದ ಮೇಲೆ ಮೊಸಳೆಯ ಹಾಗೆ ಮಲಗಿರುತ್ತದೆ, ಕಾರಿನ ಹೊಟ್ಟೆಯ ಕೆಳಗೆ ನುಸುಳಿ ಅದನ್ನು ಎತ್ತುತ್ತದೆ. ಪರ್ಫೆಕ್ಟ್ಲಿ ಗುಡ್ ಮಷೀನ್. ಇದ್ದ ಹಾಗೆ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ನನ್ನ ಸಿಟ್ಟಿಗೆ ಕಾರಣವಿತ್ತು. ಇಷ್ಟೆಲ್ಲ ಎತ್ತುವವರ ಮನೆಯಲ್ಲಿ ಅಕ್ಕನನ್ನು ಎತ್ತುವವರಿರಲಿಲ್ಲ. ಅವಳ ಮೊಣಕಾಲು ಎರಡೂ ಹೋಗಿದ್ದವು. ತಗ್ಗಿನ ಕಾರಿನೊಳಗೆ ಬಗ್ಗಿ ಕೂರಲಾಗದು. ಮಾವನ ಹಳೇ ಜೀಪಿನ ಎತ್ತರದ ಸೀಟು ಅವಳಿಗೆ ಸರಿ, ಆದರೆ ಅದಕ್ಕೆ ಹತ್ತುವುದು ಹೇಗೆ? ಸ್ಟೂಲಿನ ಮೇಲೆ ಕಾಲಿಟ್ಟು ಒಮ್ಮೆ ಬಿದ್ದಳು. ಯಾರಾದರೂ ಹಿಡಿದೆತ್ತಲು ಬಂದರೆ, “ನಾನೇನು ಭತ್ತದ ಚೀಲ ಏನಲೇ?” ಎಂದು ಗದರುತ್ತಿದ್ದಳು. ಹೀಗಾಗಿ ಸೋಮವಾರಕ್ಕೊಮ್ಮೆ ಕುರುಗೋಡಿಗೆ ಹೋಗಿ ಬಸವಣ್ಣನಿಗೆ ಕೈಮುಗಿದು, ತವರಿನಲ್ಲಿ ರೊಟ್ಟಿ ತಿಂದು ಬರುವುದು ನಿಂತೇ ಹೋಯಿತು. ಸೋಮವಾರ ಬಂತೆಂದರೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ಕೂರುವಳು. ಎಲ್ಲಿಗೂ ಹೋಗುವವಳಲ್ಲ, ಸುಮ್ಮನೆ.

ಇತ್ತ ಮಾವ ಏನು ಮಾಡುತ್ತಿದ್ದರು? ಜಾಕಿಯನ್ನು ಉದ್ಧಾರ ಮಾಡುತ್ತಿದ್ದರು!

ಮೊದಲು ಹ್ಯಾಂಡಲ್ಲು ಗಿಡ್ಡವೆಂದು ಬೋರ್‌ವೆಲ್ಲಿನ ಹಳೇ ಪೈಪು ಸಿಕ್ಕಿಸಿದರು. ಬೆರಳಲ್ಲಿ ಒತ್ತಿದರೆ ಟ್ರ್ಯಾಕ್ಟರ್ ಏಳುತ್ತಿತ್ತು, ನಿಜ. ಆದರೆ ಪೈಪು ಮೇಲೆ ಹೋದಾಗಲೆಲ್ಲ ಟ್ಯೂಬ್‌ಲೈಟು ಒಡೆಯುತ್ತಿತ್ತು. ಪೈಪು ಕತ್ತರಿಸಿದರೇ? ನೋ! ಟ್ಯೂಬ್‌ಲೈಟು ಕಿತ್ತರು.

ಆಮೇಲೆ ಚಕ್ರ. ಸಣ್ಣ ಚಕ್ರ ನೆಲದ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆಂದು ಗುಜರಿಯಿಂದ ದೊಡ್ಡವು ತಂದು ಹಾಕಿದರು. ಜಾಕಿ ಈಗ ಬಸ್‌ಸ್ಟ್ಯಾಂಡಿನವರೆಗೂ ಉರುಳುತ್ತಿತ್ತು, ಕಾರಿನ ಕೆಳಗೆ ಮಾತ್ರ ಹೋಗುತ್ತಿರಲಿಲ್ಲ!

“ಈಗೇನ್ ಮಾಡ್ತೀರಿ ಮಾವಾ?”

“ಅದರಾಗೇನೈತಿ? ಬ್ಯಾರೆ ಜಾಕಿಲೆ ಕಾರು ಎತ್ತೂದು, ಆಮ್ಯಾಲೆ ಇದನ್ನ ತಳ್ಳೂದು.”

“ಕಾರು ಆಗಲೇ ಎದ್ದಿರ್ತದಲ್ರಿ, ಮತ್ತ ಇದು ಯಾಕೆ?”

“ಪರವಾಲೇದಮ್ಮಾ, ಪರವಾಲೇದು.”

ಉತ್ತರ ಇಲ್ಲದಾಗ ಮಾವ ತೆಲುಗಿಗೆ ಹೋಗಿಬಿಡುತ್ತಿದ್ದರು.

ಅವತ್ತು ನನ್ನ ಪೇಷನ್ಸ್ ಮುಗಿಯಿತು. “ಊರಿನ ಟ್ರ್ಯಾಕ್ಟರ್ ಎಲ್ಲಾ ಎತ್ತೀರಿ. ಹೆಂಡತಿನ್ನ ಎರಡು ಅಡಿ ಎತ್ತಾಕ ಆಗಂಗಿಲ್ಲೇನ್ರಿ?” ಎಂದು ಕೂಗಾಡಿ ಬಳ್ಳಾರಿಯ ನನ್ನ ಮನೆಗೆ ಬಂದುಬಿಟ್ಟೆ. ಮಾವ ಏನೂ ಅನ್ನಲಿಲ್ಲ. ತೆಲುಗಿನಲ್ಲೂ!

ಮುಂದಿನ ಸಲ ಹೋದರೆ ಏನಿದೆ! ಜಾಕಿಯ ಮೂತಿಯ ಮೇಲೆ ಒಂದು ಗಟ್ಟಿ ಪೈಪು, ಅದರ ಮೇಲೆ ಟ್ರ್ಯಾಕ್ಟರಿನ ಹಳೇ ಸೀಟು, ಹಿಡಿಯಲು ಎರಡು ಕೈ, ಬೀಳದಂತೆ ಅಡ್ಡ ಕಾಲು. ಕುರ್ಚಿಯ ಎತ್ತರದಲ್ಲಿ ಕೂತರೆ ಜೀಪಿನ ಎತ್ತರಕ್ಕೆ ಒಯ್ಯುತ್ತದಂತೆ.

“ಕುಂದ್ರಿ ಮೇಡಮ್ಮೋರೆ, ಟ್ರಯಲ್ ನೋಡೂಣು” ಎಂದು ಮಾವ ನನ್ನನ್ನೇ ಕರೆದರು.

“ನಾನ್ಯಾಕೆ?”

“ನೀವು ಕಾನ್ವೆಂಟಿನ್ಯಾಗ ಓದಿದೋರು, ಧೈರ್ಯ ಐತಿ.”

ಕೂತೆ. ಏರಿದೆ. ಹ್ಯಾಂಡಲ್ ತಿರುವಿದರೆ ಇಳಿಯಬೇಕು. ಧಡ್ ಎಂದು ಇಳಿಯಬಾರದೆಂದು ಮಾವ ಒಂದು ತಡೆ ಹಾಕಿದ್ದರು. ತಡೆ ಎಷ್ಟು ಚೆನ್ನಾಗಿತ್ತೆಂದರೆ ಜಾಕಿ ಇಳಿಯಲೇ ಇಲ್ಲ! ಬೆನ್ನು ನೆಟ್ಟಗಿಟ್ಟು ಕೂರುವುದನ್ನು ನಮ್ಮ ಸಿಸ್ಟರುಗಳು ಕಲಿಸಿದ್ದರು, ಗಾಳಿಯಲ್ಲಿ ಕೂರುವುದನ್ನಲ್ಲ. ಈ ವಯಸ್ಸಿನಲ್ಲಿ ಜಿಗಿಯಲಾದೀತೇ? ಅಕ್ಕ ಕೆಳಗಿನಿಂದ ಚಹಾ ಕೊಟ್ಟಳು, ಮೇಲೆ ಕೂತೇ ಕುಡಿದೆ.

ಮಾವ ತಡೆ ಸಡಿಲಿಸಿ ನನ್ನನ್ನು ಇಳಿಸಿಕೊಂಡು, ಅಕ್ಕನತ್ತ ತಿರುಗಿದರು. “ಬಾ, ಕುಂದ್ರು.”

ಅಕ್ಕ ಕೂರಲಿಲ್ಲ! ಯಾಕೆ ಗೊತ್ತೇ? ಪ್ರತಿ ಅಮಾವಾಸ್ಯೆಗೆ ಮಾವ ಜಾಕಿಗೆ ಮೂರೆಳೆ ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಿದ್ದರು.

“ದೇವರಂಗ ಪೂಜಿ ಮಾಡೀರಿ. ಅದರ ಮ್ಯಾಲೆ ನಾ ಕುಂಡಿ ಊರಲೇನು? ಪಾಪ ಬಡೀತೈತಿ.”

“ಬಸವಣ್ಣನ ಮ್ಯಾಲೆ ಶಿವ ಕುಂದ್ರೂದಿಲ್ಲೇನು?”

“ಶಿವ ಹಗೂರ ಇದ್ದ. ನಾ ಎಂಬತ್ತು ಕಿಲೋ ಅದೀನಿ.”

ಎರಡು ತಿಂಗಳ ವೆಲ್ಡಿಂಗು ನೀರುಪಾಲು. ನಾನು ತಲೆ ಚಚ್ಚಿಕೊಂಡೆ. ಜಗತ್ತಿನ ಯಾವ ಎಂಜಿನಿಯರಿಗಾದರೂ ಈ ಪ್ರಾಬ್ಲಮ್ ಬಂದಿದೆಯೇ?

ಅಮಾವಾಸ್ಯೆ ಬಂತು. ಸ್ಪ್ಯಾನರುಗಳಿಗೆ ವಿಭೂತಿ, ವೆಲ್ಡಿಂಗ್ ಮಷೀನಿಗೆ ವಿಭೂತಿ, ಕಂಪ್ರೆಸರಿಗೆ ವಿಭೂತಿ. ಜಾಕಿಯ ಮುಂದೆ ಬಂದಾಗ ಮಾವ ನಿಂತರು. ಮೂವತ್ತು ವರ್ಷ ಅನ್ನ ಕೊಟ್ಟ ಜಾಕಿ. ವಿಭೂತಿ ಹಿಡಿದ ಕೈ ಎದ್ದಿತು, ಇಳಿಯಿತು. ಒದ್ದೆ ಬಟ್ಟೆ ತಂದು ಹಳೇ ಗೆರೆಗಳನ್ನೂ ಒರೆಸಿದರು. ಒರೆಸುವಾಗ ತುಟಿ ಮಾತ್ರ ಏನೋ ಅಲುಗುತ್ತಿತ್ತು, ಕ್ಷಮೆ ಕೇಳುತ್ತಿದ್ದರೋ ಏನೋ. ಬಾಗಿಲಲ್ಲಿ ಕೂತಿದ್ದ ಅಕ್ಕ ಎಲ್ಲ ನೋಡಿದಳು.

ಸೋಮವಾರ ಬೆಳಿಗ್ಗೆ, “ಜೀಪು ಹೊರಗ ತಗೀರಿ” ಅಂದಳು.

ಅವತ್ತಿನಿಂದ ಅವಳ ಕುರುಗೋಡು ತಪ್ಪಲಿಲ್ಲ. ಅಲ್ಲಿ ಇಳಿಸಿ ಹತ್ತಿಸಲು ಜಾಕಿಯೂ ಜೀಪಿನ ಹಿಂದೆ ಏರಿ ಹೋಗುತ್ತಿತ್ತು.

ಮಾವನನ್ನು ನಾನು ಕೊನೆಯ ಸಲ ನೋಡಿದ್ದು ಅಂಥದೇ ಒಂದು ಸೋಮವಾರ. ತೀರ ಸೊರಗಿದ್ದರು. ಭಾರ ಎತ್ತಬಾರದೆಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ನಾನು ನೆನಪಿಸಿದರೆ, “ನಾ ಎಲ್ಲಿ ಎತ್ತತೀನಿ? ಜಾಕಿ ಎತ್ತತೈತಿ” ಅಂದರು. ಒಮ್ಮೆ ಒತ್ತುವುದು, ನಿಲ್ಲುವುದು, ಅಕ್ಕನ ಮುಖ ನೋಡುವುದು.

“ಸಾಕೇನು?”

“ಇನ್ನಾ ಸ್ವಲ್ಪ.”

ಜೀಪಿಗೆ ಸರಿಯುವಾಗ ಅಕ್ಕ ಆಸರೆಗೆಂದು ಕೈ ಚಾಚಿದಳು. ಸಿಕ್ಕಿದ್ದು ಮಾವನ ಬೋಳು ತಲೆ. ನಾಲ್ಕು ಜನರ ಎದುರು ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳು ಸೀಟಿನಲ್ಲಿ ಭದ್ರವಾಗಿ ಕೂತಾಗಿತ್ತು, ಕೈ ಮಾತ್ರ ಅಲ್ಲೇ ಇತ್ತು. ಮಾವ ಉಸಿರಿಗೆ ತಡಕಾಡುತ್ತ ಹಾಗೇ ಬಗ್ಗಿ ನಿಂತಿದ್ದರು.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಹೋಗಿ ಬರುತ್ತೇನೆ ಅನ್ನಬೇಕಿತ್ತು. ಅಂದರೆ ಅಕ್ಕ ನಾಚಿ ಕೈ ತೆಗೆದುಬಿಡುತ್ತಾಳೆಂದು, ಸದ್ದು ಮಾಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.