ಕೆಳಗೆ ಮೌನ, ಮಹಡಿಯಲ್ಲಿ ಮಾತು

"ಮನುಷ್ಯ ಮಾಡಿದ ಯಂತ್ರ ಮನುಷ್ಯನ ಮಾತು ಕೇಳದೆ ಎಲ್ಲಿಗೆ ಹೋಗುತ್ತೆ? ಸ್ವಲ್ಪ ಹೊತ್ತು ಕೊಡು. ಈ ಕಂಪ್ಯೂಟರಿನ ಬಾಯಿ ಬಿಡಿಸದಿದ್ರೆ ನನ್ನನ್ನ ಮೇಷ್ಟ್ರು ಅಂತ ಕರೀಬೇಡ!"

ಹೀಗೆಂದು ಅಂಗಿಯ ತೋಳು ಮಡಚಿ, ರಣರಂಗಕ್ಕೆ ಇಳಿದವರಂತೆ ಕಂಪ್ಯೂಟರಿನ ಮುಂದೆ ನಿಂತವರು ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವರ ಕೆಲಸ. ಕಲಿಯುವವರ ಪಕ್ಕದಲ್ಲಿ ಕುಳಿತು ದಿನವಿಡೀ "ಬ್ರೇಕ್! ಬ್ರೇಕ್! ಅಯ್ಯೋ, ಬ್ರೇಕ್ ಒತ್ರೀ!" ಎಂದು ಕಿರುಚುತ್ತಿದ್ದುದರಿಂದ ಬೀದಿಯವರೆಲ್ಲ ಸೇರಿ ದಯಪಾಲಿಸಿದ ಬಿರುದು ಅದು. ಕೆಟ್ಟದ್ದನ್ನು ಸರಿಮಾಡುತ್ತೇನೆಂದು ಹೊರಟಾಗ ಮಾತ್ರ ಮೇಷ್ಟ್ರಿಗೆ ಬ್ರೇಕೇ ಇರಲಿಲ್ಲ!

ಅಂದು ಕಂಪ್ಯೂಟರ್ ಕೆಡಬಾರದಿತ್ತು. ಯಾವ ದಿನ ಬೇಕಾದರೂ ಕೆಡಲಿ, ಅಂದು ಮಾತ್ರ ಕೆಡಬಾರದಿತ್ತು.

ಮೇಷ್ಟ್ರ ಹೆಂಡತಿ ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿನಲ್ಲಿ ಕೂರುತ್ತಿದ್ದರು. ಆಕೆಯ ಧ್ವನಿಯೆಂದರೆ ಧ್ವನಿ! "ಮುಂದಿನವರು ಬನ್ನಿ" ಎಂದರೆ ನಡುಗುತ್ತ ಮುದುಡಿ ಕುಳಿತ ಜ್ವರದವರೂ ನೆಟ್ಟಗೆ ಎದ್ದು ನಡೆದು ಬರುತ್ತಿದ್ದರು. ಊರಿನಲ್ಲಿ ಹೊಸ ರೈಲು ನಿಲ್ದಾಣ ಸಿದ್ಧವಾಗಿ, ಅಲ್ಲಿ ಪ್ರಕಟಣೆ ಹೇಳಲು ಒಂದು ಧ್ವನಿ ಬೇಕಾಗಿದೆ ಎಂದು ತಿಳಿದಾಗ ಆಕೆ ಯಾರಿಗೂ ಹೇಳದೆ ಅರ್ಜಿ ಹಾಕಿದ್ದರು. ನೂರಾರು ಜನರನ್ನು ಜರಡಿ ಹಿಡಿದು ಹಿಡಿದು ಕೊನೆಗೆ ಮೂವರು ಉಳಿದಿದ್ದರು. ಆ ಮೂವರಲ್ಲಿ ಆಕೆಯೂ ಒಬ್ಬರು! ಬಟ್ಟೆ ಒಗೆಯುವ ಮಿಷನ್ನು ಗಡಗಡ ಅಂದು ನಿಂತಾಗಲೆಲ್ಲ ಅದರೆದುರು ನಿಂತು "ಪ್ರಯಾಣಿಕರ ಗಮನಕ್ಕೆ, ಗಾಡಿಯು ನಿಲ್ದಾಣಕ್ಕೆ ಬಂದು ನಿಂತಿದೆ" ಎಂದು ಅಭ್ಯಾಸ ಮಾಡಿದ್ದೂ ಮಾಡಿದ್ದೇ. ಕೊನೆಯ ಪರೀಕ್ಷೆ ಅಂದು ಬೆಳಿಗ್ಗೆ, ಮನೆಯ ಕಂಪ್ಯೂಟರಿನಲ್ಲೇ. ಪರೀಕ್ಷಕರ ನಿಯಮ ವಿಚಿತ್ರ. ಅವರ ಮುಖ ಇವರಿಗೆ ಕಾಣುವುದಿಲ್ಲ, ಇವರ ಮುಖ ಅವರಿಗೆ ಬೇಡ. ಧ್ವನಿ ಕೇಳಿದರೆ ಸಾಕು.

ಆ ಧ್ವನಿಯೇ ಇಲ್ಲ! ತಿಂಡಿ ಮುಗಿಸಿ ಬಂದು ನೋಡಿದರೆ ಸ್ಪೀಕರ್ ತುಟಿ ಪಿಟಕ್ಕೆನ್ನುತ್ತಿಲ್ಲ.

"ರೀ, ನೆನ್ನೆವರೆಗೂ ಚೆನ್ನಾಗಿತ್ತಲ್ರೀ! ರಿಪೇರಿಯವರನ್ನ ಕರೀಲಾ?"

"ಮನೇಲಿ ಗಂಡ ಅನ್ನೋ ಪ್ರಾಣಿ ಬದುಕಿರೋವಾಗ ರಿಪೇರಿಯವರಾ?" ಎಂದು ಮೇಷ್ಟ್ರು ಮೌಸಿಗೆ ಕೈಹಾಕಿದರು.

ಮೊದಲು ವಾಲ್ಯೂಮನ್ನು ತುದಿ ಮುಟ್ಟಿಸಿದರು. ಮೌನ. ಸ್ಪೀಕರಿನ ಗುಂಡಿ ತಿರುಗಿಸಿದರು. ಮೌನ. ಸದ್ದು ಪರೀಕ್ಷಿಸಲೆಂದೇ ಕಂಪ್ಯೂಟರಿನಲ್ಲಿ ಗಂಟೆಯ ಚಿತ್ರವಿರುವ ಗುರುತೊಂದು ಇತ್ತು. ಅದನ್ನು ಒತ್ತಿದರು, ಮತ್ತೆ ಒತ್ತಿದರು, ಹಲ್ಲು ಕಚ್ಚಿ ಒತ್ತಿದರು. ಜಪ್ಪಯ್ಯ ಅಂದರೂ ಗಂಟೆ ಬಾರಿಸಲಿಲ್ಲ. ಸ್ಪೀಕರಿನ ತಲೆಯ ಮೇಲೆ ಎರಡು ಮೊಟಕಿದರು. ಡ್ರೈವಿಂಗ್ ಸ್ಕೂಲಿನಲ್ಲಿ ಯಾರಿಗೂ ಹಾಗೆ ಮೊಟಕುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. ಆ ಬಯಕೆಯೂ ತೀರಿತು, ಸದ್ದು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಸೂಚನೆ ಮೂಡಿತು. ಆಕೆ ಗಟ್ಟಿಯಾಗಿ ಓದಿದರು: "ನಿಮ್ಮ ಡ್ರೈವರ್ ತುಂಬ ಹಳೆಯದಾಗಿದೆ. ಹೊಸದನ್ನು ಹಾಕಿಕೊಳ್ಳಬೇಕೆ?"

ಮೇಷ್ಟ್ರ ಕಿವಿ ಕೆಂಪಾಯಿತು. "ಏನು? ಇಷ್ಟು ವರ್ಷ ಸರ್ವೀಸ್ ಮಾಡಿದ ಡ್ರೈವರಿಗೆ ಈ ಡಬ್ಬ ಹಳಬ ಅನ್ನುತ್ತಾ?"

"ನಿಮ್ಮನ್ನಲ್ಲ ಕಣ್ರೀ! ಕಂಪ್ಯೂಟರಿನೊಳಗೆ ಸದ್ದು ಹೊರಡಿಸೋದಕ್ಕೂ ಒಂದು ಡ್ರೈವರ್ ಇರುತ್ತಂತೆ." ಆಕೆ ಸೂಚನೆಯನ್ನೇ ಸ್ವಲ್ಪ ಆಸೆಯಿಂದ ನೋಡಿದರು. "ಒಂದು ಸಲ ಒತ್ತಿದ್ರೆ ಹೊಸದು ಬರುತ್ತಂತೆ. ಎಷ್ಟು ಅನುಕೂಲ ನೋಡಿ!"

ಆ ಮಾತಿನ ಮೊನೆ ಯಾರತ್ತ ಎಂದು ಯೋಚಿಸಲು ಮೇಷ್ಟ್ರಿಗೆ ಪುರುಸೊತ್ತಿರಲಿಲ್ಲ. ಒತ್ತಿದರು. ಕಂಪ್ಯೂಟರ್ ಹಳೆಯ ಡ್ರೈವರನ್ನು ಇಳಿಸಿತು, ಹೊಸ ಡ್ರೈವರನ್ನು ಹತ್ತಿಸಿತು, ತಾನೂ ಒಮ್ಮೆ ಮಲಗಿ ಎದ್ದಿತು. ಹೊಸ ಡ್ರೈವರನ ಗಾಡಿಯೂ ಹಳೆಯ ಜಾಗದಲ್ಲೇ ನಿಂತಿತ್ತು!

ಗಡಿಯಾರ ಮಾತ್ರ ನಿಂತಿರಲಿಲ್ಲ. "ಹೊತ್ತಾಯ್ತು, ನಾನು ಪರೀಕ್ಷೆಯ ಪುಟ ತೆಗೆದು ಕೂತಿರ್ತೀನಿ" ಎಂದು ಆಕೆ ಮೈಕಿಗೋಸ್ಕರ ಕ್ಯಾಮೆರಾ ಸಿಕ್ಕಿಸಿ, ಪುಟ ತೆರೆದು ಕುಳಿತರು. ಪರದೆಯ ಮೇಲೆ ಕಪ್ಪು ಚೌಕ. ಯಾರಾದರೂ ಬಂದಿದ್ದಾರೋ ಇಲ್ಲವೋ ತಿಳಿಯುವಂತಿರಲಿಲ್ಲ.

"ಗೊತ್ತಾಯ್ತು! ಹಿಂದುಗಡೆ ವಯರು ಸಡಿಲ ಆಗಿದೆ!" ಎಂದು ಕೂಗಿ ಮೇಷ್ಟ್ರು ಮೇಜಿನ ಕೆಳಗೆ ನುಗ್ಗಿದರು. ಅಲ್ಲಿ ವರ್ಷಗಳಿಂದ ಮನೆ ಮಾಡಿಕೊಂಡಿದ್ದ ಧೂಳು ಅವರನ್ನು ಆದರದಿಂದ ಬರಮಾಡಿಕೊಂಡಿತು. ಕಿಟಕಿಯ ಗಾಜು ಅದುರುವಂಥ ಒಂದು ಸೀನು! ಕಂಪ್ಯೂಟರಿನ ಬೆನ್ನಲ್ಲಿ ಒಂದು ಹಸಿರು ತೂತು, ಒಂದು ಗುಲಾಬಿ ತೂತು. ಯಾವುದರ ಪಿನ್ನು ಯಾವುದಕ್ಕೆ? ಹಸಿರಿನದನ್ನು ಹಿಡಿದು ಆ ಕಡೆ ಈ ಕಡೆ, ಕಾರಿನ ಗೇರು ಬದಲಿಸುವಂತೆ ಎಳೆದಾಡಿದರು.

ಟಿಕ್!

"ಏನ್ರೀ ಅದು ಸದ್ದು?"

"ಸದ್ದೇ ತಾನೆ ನಿನಗೆ ಬೇಕಿದ್ದದ್ದು? ಬಂತಲ್ಲ!"

ಪಿನ್ನಿನ ತಲೆ ತೂತಿನೊಳಗೆ, ಮುಂಡ ಮೇಷ್ಟ್ರ ಕೈಯಲ್ಲಿ! ಅವರು ಮೆಲ್ಲಗೆ ಕೈ ಮೇಲೆ ಚಾಚಿದರು. "ಇವಳೇ, ನಿನ್ನ ತಲೆಪಿನ್ನು ಒಂದು ಕೊಡ್ತೀಯಾ? ಒಳಗೆ ಸ್ವಲ್ಪ ಕೆದಕಬೇಕು. ಏನಿಲ್ಲ, ಕರೆಂಟಿರೋ ಜಾಗ ಅಲ್ಲ ಅನ್ಸುತ್ತೆ."

ಆಕೆ ಬಗ್ಗಿ ನೋಡಿದರು. ಮುರಿದ ಪಿನ್ನು ಕಂಡಿತು. ತಿಂಗಳುಗಟ್ಟಲೆ ಕಂಡ ಕನಸು ಆ ತೂತಿನೊಳಗೆ ಸಿಕ್ಕಿಕೊಂಡದ್ದೂ ಕಂಡಿತು. ಆಕೆ ಅಳಲಿಲ್ಲ. ಕಿರುಚಲಿಲ್ಲ, ತೊದಲಲಿಲ್ಲ. ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಇಟ್ಟಂತೆ ಹೇಳಿದರು:

"ಕೈ ತೆಗೆಯಿರಿ. ದೂರ ನಿಲ್ಲಿ. ಯಾವುದನ್ನೂ ಮುಟ್ಟಬೇಡಿ."

ಮೇಷ್ಟ್ರು ಎಷ್ಟು ಬೇಗ ಎದ್ದರೆಂದರೆ ತಮ್ಮ ತಲೆಯ ಮೇಲೆ ಮೇಜಿದೆ ಎಂಬುದೇ ಮರೆತುಹೋಯಿತು. ಢಮ್!

ಅದೇ ಹೊತ್ತಿಗೆ ಬಾಗಿಲೂ ಢಮಢಮ ಎಂದಿತು. ತೆರೆದರೆ ಮಹಡಿ ಮನೆಯ ಅಜ್ಜಿ! ಏದುಸಿರು ಬಿಡುತ್ತ ನಿಂತಿದ್ದರು.

"ಮೇಷ್ಟ್ರೇ, ಬೇಗ ಬಾರಪ್ಪಾ! ನಮ್ಮನೆಗೆ ಯಾರೋ ಬಂದು ಕೂತಿದ್ದಾರೆ!"

"ಯಾರಜ್ಜಿ? ಕಳ್ಳರಾ?"

"ಕಳ್ಳರಲ್ಲ, ಮರ್ಯಾದಸ್ತರು. ಕಣ್ಣಿಗೆ ಕಾಣಲ್ಲ ಅಷ್ಟೆ. ಬೆಳಿಗ್ಗೆಯಿಂದ ಗಂಟೆ ಹೊಡೆದದ್ದೇ ಹೊಡೆದದ್ದು! ಓಡಿ ಓಡಿ ಬಾಗಿಲು ತೆಗೆದು ನನ್ನ ಮೊಣಕಾಲು ಕಿತ್ತುಬಂತು. ಈಗ ನೋಡಿದ್ರೆ ‘ಮೇಡಂ, ನಮ್ಮ ಮಾತು ಕೇಳಿಸ್ತಿದೆಯಾ’ ಅಂತಾರೆ. ಕೇಳಿಸ್ತಿದೆ ಅಂದೆ. ಮತ್ತೆ ಅದನ್ನೇ ಕೇಳ್ತಾರೆ. ಕಾಫಿ ಕುಡೀತೀರಾ ಅಂದೆ, ಅದಕ್ಕೆ ಉತ್ತರ ಇಲ್ಲ. ಪಾಪ, ಅವರಿಗೆ ಕಿವಿ ಮಂದ ಅಂತ ಕಾಣುತ್ತೆ. ಎಲ್ಲ ಆ ನನ್ನ ಹೊಸ ಸ್ಪೀಕರಿನೊಳಗಿಂದ!"

ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಅಜ್ಜಿಗೆ ಅವರ ಮಗಳು ವಯರಿಲ್ಲದ ಹೊಸ ಸ್ಪೀಕರ್ ಕಳಿಸಿದ್ದಳು. ಹಿಂದಿನ ಸಂಜೆ ಅದನ್ನು "ಟೆಸ್ಟ್ ಡ್ರೈವ್" ಮಾಡಿಕೊಡುತ್ತೇನೆಂದು ಹೇಳಿ ಕೆಳಗೆ ತಂದವರು ಇವರೇ. ತಮ್ಮ ಕಂಪ್ಯೂಟರಿಗೆ ಬ್ಲೂಟೂತಿನಲ್ಲಿ ಗಂಟು ಹಾಕಿ, ಹಾಡು ಕೇಳಿ, "ಫಸ್ಟ್ ಕ್ಲಾಸ್" ಎಂದು ಸರ್ಟಿಫಿಕೇಟು ಕೊಟ್ಟು ಮೇಲೆ ತಲುಪಿಸಿದವರೂ ಇವರೇ. ಗಂಟು ಬಿಚ್ಚುವುದನ್ನು ಮರೆತವರೂ ಬೇರಾರಲ್ಲ! ಅಜ್ಜಿ ಬೆಳಿಗ್ಗೆ ಅದನ್ನು ಹಚ್ಚಿದ್ದೇ ತಡ, ಕೆಳಮನೆಯ ಕಂಪ್ಯೂಟರ್ ಸ್ವಂತ ಸ್ಪೀಕರನ್ನು ಬಿಟ್ಟು ಮೇಲ್ಮನೆಯ ಸ್ಪೀಕರಿನ ಜೊತೆ ಸಂಸಾರ ಹೂಡಿತ್ತು. ಗೋಡೆಗೆ ಕಿವಿ ಇರುತ್ತದೆಂದು ಮೇಷ್ಟ್ರು ಕೇಳಿದ್ದರು. ಮಹಡಿಗೆ ಬಾಯಿ ಇರುತ್ತದೆಂದು ಅಂದೇ ಗೊತ್ತಾದದ್ದು!

"ಅಂದ್ರೆ ಅವರ ಮಾತು ಮೇಲೆ ಹೋಗ್ತಿದೆ" ಎಂದು ಆಕೆ ಮೆಲ್ಲಗೆ ಹೇಳಿದರು. ಕ್ಯಾಮೆರಾದಲ್ಲಿ ಮೈಕಿನ ಪುಟ್ಟ ದೀಪ ಉರಿಯುತ್ತಿತ್ತು. "ನಮ್ಮ ಮಾತು...?"

"ಅವರಿಗೆ ಚೆನ್ನಾಗಿ ಕೇಳಿಸ್ತಿದೆ ಕಣಮ್ಮ" ಎಂದರು ಅಜ್ಜಿ. "ಈಗ ತಾನೆ ‘ಎಂಥಾ ಸೀನು ಮಾರಾಯ್ರೇ’ ಅಂತ ಒಬ್ಬರು ಅಂದ್ರು. ಇನ್ನೊಬ್ಬರು ನಕ್ಕೂ ನಕ್ಕೂ ಕೆಮ್ಮಿದರು."

ಆಕೆ ತಲೆಯ ಮೇಲೆ ಕೈಹೊತ್ತು ಕುಳಿತರು. ಮುರಿದ ಪಿನ್ನಿನಿಂದಾಗಿ ಮನೆಯ ಸ್ಪೀಕರಿನ ಕತೆ ಮುಗಿದಿತ್ತು. ಆದರೆ ವೀರರು ಸೋಲೊಪ್ಪುವುದುಂಟೆ?

"ಹೆದರಬೇಡ! ನಾನಿದ್ದೀನಿ! ಇವತ್ತು ನಾನೇ ವಯರು!" ಎಂದು ಘರ್ಜಿಸಿ ಮೇಷ್ಟ್ರು ಮೆಟ್ಟಿಲು ಹಾರಿದರು. ಅಜ್ಜಿ "ನಿಧಾನ ಕಣಪ್ಪಾ" ಎನ್ನುತ್ತ ಹಿಂದೆ ಹತ್ತಿದರು.

ಮೇಲೆ ಪ್ರಶ್ನೆ ಕೇಳಿಸಿಕೊಳ್ಳುವುದು, ಓಡಿ ಬಂದು ಕೆಳಗೆ ಒಪ್ಪಿಸುವುದು, ಉತ್ತರ ಮೈಕಿಗೆ ಬಿದ್ದೊಡನೆ ಮತ್ತೆ ಮೇಲೆ! ಮೊದಲ ಸಲ ಸುಸೂತ್ರ. "ಪರಿಚಯ... ಹೇಳ್ಬೇಕಂತೆ!" ಆಕೆ ಹೇಳಿದರು. ಎರಡನೆಯ ಸಲ, "ಒತ್ತಡದಲ್ಲಿ ಹೇಗೆ ಕೆಲಸ ಮಾಡುತ್ತೀರಿ?" ಎಂದು ಪರೀಕ್ಷಕರು ಕೇಳಿದ್ದು, ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಅರ್ಧ ಉದುರಿಹೋಗಿತ್ತು.

"ನಿಂಗೆ... ರಕ್ತದ... ಒತ್ತಡ... ಇದೆಯಾ ಅಂತ... ಕೇಳ್ತಾರೆ!"

"ಇಲ್ಲ" ಎಂದು ಆಕೆ ಮೈಕಿನತ್ತ ತಿರುಗಿ ಶಾಂತವಾಗಿ ಹೇಳಿದರು. "ಆದರೆ ಇವತ್ತು ಸಾಯಂಕಾಲದೊಳಗೆ ಬರುವ ಸಾಧ್ಯತೆ ಇದೆ."

ಮಹಡಿ ನಗುವಿನಿಂದ ಅದುರಿತು.

ಮೂರನೆಯ ಪ್ರಶ್ನೆ ಹೊತ್ತು ಬರುವಾಗ ಮೇಷ್ಟ್ರ ಗಾಡಿ ಮೆಟ್ಟಿಲ ನಡುವೆಯೇ ಕೆಟ್ಟು ನಿಂತಿತು. ಬಾಯಲ್ಲಿ ಬರೀ ಗಾಳಿ! ಕಂಬಿ ಹಿಡಿದು ಅಲ್ಲೇ ಕುಳಿತುಬಿಟ್ಟರು. ಕೆಳಗೆ ಆಕೆ ಕಾದರು. ಪರೀಕ್ಷಕರು ಏನೆಂದುಕೊಳ್ಳುತ್ತಾರೋ! ಸುಮ್ಮನೆ ಕೂರುವುದಕ್ಕಿಂತ ಇದ್ದ ವಿಷಯ ಹೇಳಿಬಿಡುವುದೇ ಮೇಲೆಂದು ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದರು:

"ಪರೀಕ್ಷಕರ ಗಮನಕ್ಕೆ. ಮಹಡಿಯಿಂದ ಬರಬೇಕಾಗಿದ್ದ ನಮ್ಮ ಯಜಮಾನರು ತಾಂತ್ರಿಕ ಕಾರಣಗಳಿಂದಾಗಿ ಮೆಟ್ಟಿಲ ಮೇಲೆ ನಿಂತಿದ್ದಾರೆ. ಅವರು ಬಂದು ತಲುಪುವ ವೇಳೆಯನ್ನು ಸದ್ಯಕ್ಕೆ ಹೇಳಲಾಗುವುದಿಲ್ಲ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಮೇಷ್ಟ್ರು ಹೊತ್ತು ತರುತ್ತಿದ್ದ ಪ್ರಶ್ನೆ ಏನು ಗೊತ್ತೆ? "ಗಾಡಿ ತಡವಾದಾಗ ಪ್ರಯಾಣಿಕರಿಗೆ ಹೇಗೆ ತಿಳಿಸುತ್ತೀರಿ?"

ಆಗ ಮೇಲಿನಿಂದ ಚಪ್ಪಾಳೆ, ನಗು, ಕೆಮ್ಮು ಎಲ್ಲ ಒಟ್ಟಿಗೆ ಮೆಟ್ಟಿಲಿಳಿದು ಬರತೊಡಗಿದವು. ಮೇಷ್ಟ್ರು ತಲೆಯೆತ್ತಿದರು. ಅಜ್ಜಿ! ಸ್ಪೀಕರನ್ನು ಕೂಸಿನಂತೆ ಕಂಕುಳಲ್ಲಿ ಎತ್ತಿಕೊಂಡು ಒಂದೊಂದೇ ಹೆಜ್ಜೆ ಇಳಿಯುತ್ತಿದ್ದರು.

"ಸ್ವಲ್ಪ ದಾರಿ ಬಿಡಪ್ಪಾ. ವಯರಿಲ್ಲ, ಎಲ್ಲಿಗೆ ಬೇಕಾದ್ರೂ ಎತ್ಕೊಂಡು ಹೋಗಬಹುದು ಅಂತ ನೀನೇ ಹೇಳಿದ್ಯಲ್ಲ! ಅದಕ್ಕೇ ಎತ್ಕೊಂಡು ಬಂದೆ. ಅಷ್ಟೊಂದು ಯಾಕೆ ಓಡಾಡ್ತಿದ್ದೆ ನೀನು? ವ್ಯಾಯಾಮವಾ?"

ಮೇಷ್ಟ್ರು ಇಂಗು ತಿಂದ ಮಂಗನಾಗಿ ಗೋಡೆಗೆ ಒತ್ತಿ ದಾರಿ ಬಿಟ್ಟರು.

ಸ್ಪೀಕರ್ ಮೇಜಿನ ಮೇಲೆ ಕೂತ ಮೇಲೆ ಎಲ್ಲ ನೀರು ಕುಡಿದಷ್ಟು ಸಲೀಸು. ಕೊನೆಗೆ ಪರೀಕ್ಷಕಿಯೊಬ್ಬರ ಧ್ವನಿ ಕೇಳಿಸಿತು. "ಮೇಡಂ, ಓದಿಸೋದಕ್ಕೆ ಅಂತ ಒಂದು ಪುಟ ಇಟ್ಟುಕೊಂಡಿದ್ದೆವು. ಅದೀಗ ಬೇಡ. ಆಗಲೇ ಮೂರು ವಾಕ್ಯ ಹೇಳಿದ್ರಲ್ಲ, ‘ಕೈ ತೆಗೆಯಿರಿ, ದೂರ ನಿಲ್ಲಿ, ಯಾವುದನ್ನೂ ಮುಟ್ಟಬೇಡಿ’ ಅಂತ? ಅದನ್ನು ಕೇಳಿ ಇಲ್ಲಿ ನಾವು ಮೂವರೂ ಮೇಜಿನಿಂದ ಕೈ ತೆಗೆದುಬಿಟ್ಟೆವು. ನಮ್ಮ ನಿಲ್ದಾಣಕ್ಕೆ ಇಂಥದೇ ಧ್ವನಿ ಬೇಕು. ಕೆಲಸ ನಿಮ್ಮದು!"

ಆಕೆ ಅಜ್ಜಿಯನ್ನು ತಬ್ಬಿಕೊಂಡರು. ಅಜ್ಜಿ ಸ್ಪೀಕರನ್ನು ತಬ್ಬಿಕೊಂಡರು. ತಬ್ಬಿಕೊಳ್ಳಲು ಏನೂ ಸಿಗದ ಮೇಷ್ಟ್ರು ತಲೆಯ ಬುಗುಟು ಸವರಿಕೊಳ್ಳುತ್ತ, "ನಾನು ಮುಟ್ಟಿದ್ದರಿಂದ ತಾನೆ ನೀನು ಮುಟ್ಟಬೇಡಿ ಅಂದದ್ದು? ಇದರಲ್ಲಿ ನನ್ನ ಪಾಲೂ ಇದೆ!" ಎಂದರು. ಆಕೆ ಒಮ್ಮೆ ನೋಡಿದರು. ಮೇಷ್ಟ್ರು ತಮ್ಮ ಪಾಲನ್ನು ಅಲ್ಲೇ ಬಿಟ್ಟುಕೊಟ್ಟರು.

ನಿಲ್ದಾಣ ಶುರುವಾದ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಯುಬ್ಬಿಸಿ ಪ್ಲಾಟ್‌ಫಾರ್ಮಿಗೆ ಹೋದರು. ಕಾಲಿಡಲು ಜಾಗವಿಲ್ಲದಷ್ಟು ಜನ. ಟಿಕೆಟ್ ಕೊಡುವ ಹೊಸ ಯಂತ್ರವೊಂದು ಪಕ್ಕದಲ್ಲೇ ಕೊಂಯ್ ಕೊಂಯ್ ಎನ್ನುತ್ತಿತ್ತು. ‘ಇದರೊಳಗೆ ಏನೋ ಸಡಿಲ ಆಗಿದೆ’ ಎಂದುಕೊಂಡು ಮೇಷ್ಟ್ರು ಬೆರಳು ಚಾಚಿದರು. ಅಷ್ಟರಲ್ಲಿ ಮೇಲಿನ ಸ್ಪೀಕರುಗಳಿಂದ ಆ ಧ್ವನಿ ಸ್ಪಷ್ಟವಾಗಿ ಮೊಳಗಿತು:

"ದಯವಿಟ್ಟು ಹಳದಿ ಗೆರೆಯಿಂದ ದೂರ ನಿಲ್ಲಿ. ವಾರಸುದಾರರಿಲ್ಲದ ಯಾವುದನ್ನೂ ಮುಟ್ಟಬೇಡಿ."

ಫೋನಿನಲ್ಲಿ ಮುಳುಗಿದ್ದ ಜನ ಅಲುಗಾಡಲಿಲ್ಲ. ಇಡೀ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರು ಮಾತ್ರ ಹಿಂದಕ್ಕೆ ಚಂಗನೆ ನೆಗೆದು, ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಮೇಲೆತ್ತಿ ನಿಂತರು.

ಕಾವಲುಗಾರ ಬೆರಗಾಗಿ ಹತ್ತಿರ ಬಂದ. "ಏನ್ ಸಾರ್ ಶಿಸ್ತು! ಒಬ್ಬರೂ ಕೇಳಲ್ಲ, ನೀವು ನೋಡಿ ಹೆಂಗೆ ಪಾಲಿಸಿದ್ರಿ! ರೈಲ್ವೆಯವರಾ?"

"ಅಲ್ಲಪ್ಪಾ" ಎಂದರು ಮೇಷ್ಟ್ರು, ಕೈ ಇಳಿಸದೆಯೇ. "ಅನೌನ್ಸ್ ಮಾಡ್ತಿರೋರ ಗಂಡ."