ಕೈಗೂಸಿನ ಮೊದಲ ಟಿಕೆಟ್ ಕುಸ್ತಿ

ಕೈಗೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದ ಗಂಡಸು ಅವಾಂತರಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಎದುರು ಬರುತ್ತವೆ. ನಾನು ಮಧುಗಿರಿಯಲ್ಲಿ ಸ್ಕೂಲು ಮೇಷ್ಟ್ರು, ಹುಟ್ಟಾ ಪುಕ್ಕಲ. ಮಾವನವರು ಶಿರಾದಲ್ಲಿ ಗರಡಿಮನೆಯ ಉಸ್ತಾದರು. ಹರಕೆ ಹೊತ್ತು ಪಡೆದ ನಮ್ಮ ಒಬ್ಬನೇ ಮಗನಿಗೆ ಇನ್ನೂ ಕೂರಲು ಬರುತ್ತಿರಲಿಲ್ಲ, ಆಗಲೇ ಮಾವನವರ ಬುಲಾವ್ ಬಂತು. ಶಿರಾದಲ್ಲಿ ಟಿಕೆಟ್ ಇಟ್ಟು ಕುಸ್ತಿ, ಮೈಸೂರಿನ ಪೈಲ್ವಾನ್ ಬರುತ್ತಾನೆ, ಮೊಮ್ಮಗ ಅಖಾಡದ ಅಂಚಿನಲ್ಲೇ ಕೂತು ನೋಡಬೇಕಂತೆ! ಮಾವನಿಗೆ ಎದುರಾಡುವ ಧೈರ್ಯ ನನಗಿದ್ದಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ.

೧. ಇದ್ದಿಲು ಬಸ್ಸು

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಹೊರಡುವಾಗ ನಮ್ಮಮ್ಮ, "ಮಗೀಗೆ ಗಾಳಿ ತಗಲ್ಬಾರ್ದು, ಜನದ ಕಣ್ಣು ತಗಲ್ಬಾರ್ದು ಕಣಪ್ಪ" ಎಂದು ಗಂಡು ಕೂಸಿಗೆ ಲಂಗ ಹಾಕಿ, ಹೂ ಮುಡಿಸಿ, ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಕಳಿಸಿದ್ದಳು.

ಬಸ್ಸಿನಲ್ಲಿ ಎಡಗಡೆಯ ಅಜ್ಜಿ, "ಒದಿಸಪ್ಪಾ, ಸೀತ ಆಯ್ತದೆ" ಅಂದಳು. ಹೊದಿಸಿದೆ. ಬಲಗಡೆಯ ಅಜ್ಜಿ, "ತಗೀಯಪ್ಪಾ, ಉಸ್ರು ಕಟ್ತದೆ" ಅಂದಳು. ತೆಗೆದೆ. ಹೆಂಡತಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಕೊನೆಗೆ ಆ ಹೊದಿಕೆಯಲ್ಲಿ ನನ್ನ ಮುಖದ ಬೆವರೊರೆಸಿಕೊಂಡೆ. ಶಿರಾ ತಲುಪುವಷ್ಟರಲ್ಲಿ ಮಗು ಹಾಯಾಗಿ ನಿದ್ದೆ ಮಾಡುತ್ತಿತ್ತು, ಶೀತವಾದದ್ದು ನನಗೆ.

೨. ಗೇಟು

ಹೆಂಗಸರಿಗೆ ಪಕ್ಕದ ಅಂಗಡಿಯ ಮಾಳಿಗೆಯ ಮೇಲೆ ಜಾಗ. ಹೆಂಡತಿ ಅತ್ತ ಹೋದಳು. ಗೇಟಿನ ಸಾಹೇಬರು ನನ್ನನ್ನು ತಡೆದರು.

"ಅರೆ ಮೇಷ್ಟ್ರೇ, ಹೆಣ್ಮಗು ಮ್ಯಾಲಕ್ಕೆ ಕಳ್ಸಿ. ಇಲ್ಲಿ ಜನಾನಾ ಬುಡಾಕಿಲ್ಲ."

"ಇದು ಗಂಡು ಕಣ್ರೀ. ದೃಷ್ಟಿಯಾಗಬಾರದು ಅಂತ ಲಂಗ."

"ಎಲ್ರೂ ಅಂಗೇ ಅಂತಾರೆ."

ನನಗೆ ರೇಗಿಹೋಯಿತು. ಲಂಗ ಎತ್ತಿ ತೋರಿಸಿದೆ. ಆಗಷ್ಟೇ ಎಚ್ಚರಗೊಂಡ ಮಗ ಸಾಹೇಬರ ಖಾಕಿ ಅಂಗಿಯ ಮೇಲೆ ತಾನೇ ಹೇಳಿಕೆ ಕೊಟ್ಟ. ಅವರು ಗಡ್ಡ ಒರೆಸಿಕೊಂಡು, "ಹೋಗಿ ಸಾಬ್, ಹೋಗಿ. ಇಂಥಾ ಸಾಕ್ಷಿ ಕೋರ್ಟಲ್ಲೂ ಸಿಗಾಕಿಲ್ಲ" ಅಂದರು.

೩. ತಮಟೆ

ಕೂಸು ಬೆಚ್ಚಿಬಿದ್ದರೆ ಜ್ವರ ಬರುತ್ತದೆಂಬ ಭಯ ನನಗೆ. ಸುತ್ತ ನಾಲ್ಕು ಕಡೆಯೂ ತಮಟೆ. ಮಡಿಲಲ್ಲಿ ಮಲಗಿಸಿಕೊಂಡು ಅವನ ಎರಡೂ ಕಿವಿ ಮುಚ್ಚಿ ಕೂತೆ. ಅವನು ಮತ್ತೆ ನಿದ್ದೆ ಹೋದ. ಇಡೀ ಕುಸ್ತಿಯಲ್ಲಿ ನಾನು ಕಂಡದ್ದು ಅವನ ರೆಪ್ಪೆಗಳನ್ನು ಮಾತ್ರ.

"ನೋಡಿದ್ರಾ ಆ ಪಟ್ಟು?" ಅಂದರು ಪಕ್ಕದಲ್ಲಿ ಕೂತಿದ್ದ ಮಾವ.

"ಭಲೇ ಪಟ್ಟು" ಅಂದೆ.

ಮೈಸೂರಿನವನು ಎದುರಾಳಿಯನ್ನು ಚಿತ್ ಮಾಡಿದ. ಫಲಿತಾಂಶ ಕೂಗಲು ತಮಟೆ ನಿಲ್ಲಿಸಿದರು. ಸದ್ದು ನಿಂತದ್ದಕ್ಕೇ ನನ್ನ ಮಗ ಬೆಚ್ಚಿ ಕಿಟಾರನೆ ಕಿರುಚಿ ಅಳತೊಡಗಿದ. ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ ಸೋತ ಪೈಲ್ವಾನ್ ನಿಟ್ಟುಸಿರು ಬಿಟ್ಟು, "ಸದ್ಯ, ನನಗೋಸ್ಕರ ಒಬ್ರಾದ್ರೂ ಅತ್ರಲ್ಲ" ಅಂದ.

೪. ಸವಾಲು

"ಅಖಾಡದ ಮಣ್ಣು ಹಣೆಗಿಟ್ರೆ ಹೆದ್ರಿಕೆ ಬುಟ್ಟೋಯ್ತದೆ" ಎನ್ನುತ್ತಾ ಮಾವ ಮಗುವನ್ನು ಕಿತ್ತುಕೊಂಡು ಗೆದ್ದ ಪೈಲ್ವಾನನ ಕೈಗೆ ಕೊಟ್ಟೇಬಿಟ್ಟರು. ಅವನು ಮಣ್ಣು ಹಚ್ಚಿ ವಾಪಸು ಕೊಡಬೇಕೋ ಬೇಡವೋ? ಎಡಗೈಯಲ್ಲಿ ನನ್ನ ಮಗ, ಬಲಗೈ ಮೇಲೆತ್ತಿ "ಯಾರಾದ್ರೂ ಇದೀರಾ?" ಎಂದು ಸವಾಲು ಹಾಕುತ್ತಾ ಅಖಾಡ ಸುತ್ತತೊಡಗಿದ. ಆಗ ಯಾರು ಇಳಿದು ಕೈಚಾಚಿದರೂ ಸವಾಲು ಒಪ್ಪಿದ ಹಾಗೆ. ಅದು ನನಗೂ ಗೊತ್ತಿತ್ತು. ಆದರೆ ಮಗುವಿನ ಕತ್ತು ಒಂದು ಕಡೆಗೆ ವಾಲಿದ್ದು ಕಂಡೆ, ಅಷ್ಟೇ. ಅಖಾಡಕ್ಕೆ ಹಾರಿದೆ. "ಮಗು!" ಎಂದು ಎರಡೂ ಕೈ ಚಾಚಿದೆ.

ಪೈಲ್ವಾನ್ ಒಂದು ಕೈ ಹಿಡಿದು ಕುಲುಕಿದ. ತಮಟೆ ಮೊಳಗಿತು.

"ಮಧುಗಿರಿ ಮೇಷ್ಟ್ರು ಸವಾಲು ತಗಂಡವ್ರೆ!" ಎಂದು ಜನ ಕೂಗಿದರು.

ನನ್ನ ಕೂಗು ಯಾರಿಗೆ ಕೇಳಬೇಕು? "ಕಾಲು ಹಿಡ್ಕಳಿ ಅಳಿಯಂದ್ರೇ!" ಎಂದು ಮಾವ ಅಂಚಿನಿಂದ ಕಿರುಚಿದರು. ನನ್ನ ಯೋಚನೆಯೂ ಅದೇ ಆಗಿತ್ತು, ಉದ್ದೇಶ ಮಾತ್ರ ಬೇರೆ. ಅಡ್ಡಬಿದ್ದು ಅವನ ಎರಡೂ ಕಾಲು ತಬ್ಬಿ, "ನಿನ್ನ ದಮ್ಮಯ್ಯ, ನನ್ನ ಮಗು ಕೊಡಪ್ಪಾ" ಅಂದೆ.

"ಅಯ್ಯಯ್ಯೋ, ಮೇಷ್ಟ್ರು ನನ್ನ ಕಾಲು ಹಿಡಿಯೋದಾ? ಪಾಪ ಸುತ್ಕಂತದೆ, ಬುಡಿ ಸ್ವಾಮಿ!" ಎಂದು ಅವನು ಹಿಂದೆ ಸರಿಯಲು ಹೋದ. ಕಾಲು ನನ್ನ ಹಿಡಿತದಲ್ಲಿತ್ತು. ಮಗುವನ್ನು ಎದೆಗವಚಿಕೊಂಡು ಅಂಗಾತ ಬಿದ್ದ. ಎರಡೂ ಭುಜ ಮಣ್ಣಿಗೆ ತಾಗಿದವು.

"ಚಿತ್!" ಎಂದು ಜನ ಎದ್ದು ಕುಣಿದರು. ನನ್ನ ಮಗ ಅವನ ಎದೆಯ ಮೇಲೆ ಕಾಲು ಬಡಿಯುತ್ತಾ ಕೇಕೆ ಹಾಕಿ ನಗುತ್ತಿದ್ದ.

ಮಗುವನ್ನು ಬಾಚಿಕೊಂಡು ಒಂದೇ ಓಟದಲ್ಲಿ ಮಾಳಿಗೆ ಹತ್ತಿದೆ. ಹೆಂಡತಿ ಅವನ ಕೈಕಾಲು, ಕತ್ತು, ತಲೆ ಎಲ್ಲ ಮುಟ್ಟಿ ನೋಡಿ ಅವಚಿಕೊಂಡಳು. ನನಗೂ ಹೋದ ಜೀವ ಬಂತು. ಆಮೇಲೆ ನನ್ನ ಕಾಲಿನತ್ತ ನೋಡಿ ಹಣೆ ಚಚ್ಚಿಕೊಂಡಳು.

"ಮಗ ಚೆಂದಾಗವ್ನೆ. ಪಟ್ಟೂ ಚೆಂದಾಗೇ ಇತ್ತು. ಆದ್ರೆ ಮೆಟ್ಟು ಹಾಕ್ಕಂಡೇ ಅಖಾಡಕ್ಕೆ ಇಳ್ದ್ಬುಟ್ರಲ್ಲಾ, ಇನ್ನು ನಮ್ಮಪ್ಪ ಗರಡೀಲಿ ಹೆಂಗ್ ಮುಖ ತೋರ್ಸ್ಬೇಕು?"